ಗದ್ದದ ಕೆಳಗಿನ ಬರಹ

ಹ್ಯಾಲೋವೆಲ್ ಕೌಂಟಿಯ ಕೋರ್ಟಿನ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು
ಊರಿನ ಕೆಟ್ಟ ದಿನಗಳನ್ನು ಮಾರುತ್ತೇನೆ.
ಪುಟಕ್ಕೆ ಒಂದು ಡಾಲರು. ಠಸ್ಸೆ ಬೇಕಿದ್ದರೆ ಮೂರು.

ಯಾರು ಬೇಕಾದರೂ ಕೇಳಬಹುದು, ಕಾರಣ ಹೇಳಬೇಕಿಲ್ಲ.
ಬಾಡಿಗೆ ಮನೆಯ ಯಜಮಾನರು, ಕೋಳಿ ಕಾರ್ಖಾನೆಯ ಮೇನೇಜರು,
ಮಗಳ ಹೊಸ ಗೆಳೆಯನ ಹೆಸರನ್ನು
ರಸೀದಿಯ ಹಿಂದೆ ಗೀಚಿಕೊಂಡು ಬಂದ ತಾಯಂದಿರು.
ಕೆಲವರು ದನಿ ತಗ್ಗಿಸುತ್ತಾರೆ,
ಔಷಧದಂಗಡಿಯಲ್ಲಿ ನಿಂತವರ ಹಾಗೆ.

ಮಂಗಳವಾರ ಲೀಮನ್ ಟಾರ್ವರ್ ಬಂದ.
ಐವತ್ತೊಂದು ವರ್ಷ. ಇಟ್ಟಿಗೆ ಕೆಲಸ.
ಇಸ್ತ್ರಿ ಮಾಡಿದ ಅಂಗಿಯ ತೋಳಿನಲ್ಲಿ
ಒಗೆದರೂ ಬಿಡದ ಸಿಮೆಂಟು.
"ನನ್ನದೊಂದು ಕಾಗದ ಇದೆಯಂತೆ," ಅಂದ,
"ಹುಡುಕಿ ಕೊಡಿ, ಮುಚ್ಚಿಸಬೇಕು."
ಮುಚ್ಚಬೇಕಾದರೆ ಮೊದಲು ಸಿಗಬೇಕು:
ಕೇಸಿನ ನಂಬರು, ಹಿಡಿದ ತಾರೀಕು, ಹಿಡಿದವನ ಹೆಸರು.
ಮರೆಸಬೇಕಾದದ್ದನ್ನೆಲ್ಲ
ನೆನಪಿನಿಂದ ತುಂಬಬೇಕು, ಕಪ್ಪು ಶಾಯಿಯಲ್ಲೇ.

ಹುಲ್ಲು ಕತ್ತರಿಸುವ ಯಂತ್ರ. ಸೋದರಮಾವನದು.
ಮಾವ ಸ್ಟೇಷನ್ನಿಗೆ ಓಡಿಬಂದು ಹೇಳುವಷ್ಟರಲ್ಲಿ
ಹತ್ತು ಬೆರಳೂ ಶಾಯಿಯಲ್ಲಿ ಅದ್ದಿ ಆಗಿತ್ತು.
ಕೇಸು ಬಿದ್ದುಹೋಯಿತು. ಕಾಗದ ನಿಂತೇ ಇತ್ತು.
ಮಾತು ಆಡಿದರೆ ಹೋಯಿತು ಅನ್ನುತ್ತಾರೆ;
ಬರೆದದ್ದು ಎಲ್ಲಿಗೂ ಹೋಗುವುದಿಲ್ಲ,
ನಲವತ್ತೇಳನೇ ಡಬ್ಬದಲ್ಲಿ, ಇಲಿಹಿಕ್ಕೆಯ ಜೊತೆ, ಕಾಯುತ್ತದೆ.

ಫೋಟೋದಲ್ಲಿ ಇಪ್ಪತ್ತೆರಡರ ಹುಡುಗ.
ಹಣೆಯಲ್ಲಿ ಏನೂ ಬರೆದಿಲ್ಲ, ಬೆವರು ಅಷ್ಟೇ.
ಬರೆದದ್ದು ಗದ್ದದ ಕೆಳಗೆ, ಹಲಗೆಯ ಮೇಲೆ, ಏಳು ಅಂಕಿ;
ಎರಡೂ ಕೈಯಲ್ಲಿ ತಾನೇ ಹಿಡಿದುಕೊಂಡಿದ್ದಾನೆ,
ಶಾಲೆಯಲ್ಲಿ ಬಹುಮಾನ ಬಂದವರ ಹಾಗೆ, ನೆಟ್ಟಗೆ.
ಲೀಮನ್ ತುಂಬ ಹೊತ್ತು ನೋಡಿದ.
"ಈ ಅಂಗಿ ಅಣ್ಣನದು. ಕೇಳದೆ ಹಾಕಿಕೊಂಡಿದ್ದೆ.
ಕದ್ದದ್ದು ಅದೊಂದೇ."
ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ನಕ್ಕ.

ಅರ್ಜಿಯ ಜೊತೆ ಮತ್ತೆ ಬೆರಳಚ್ಚು ಬೇಕು.
ಗಾಜಿನ ಮೇಲೆ ಒತ್ತಿದ. ಯಂತ್ರ ಒಪ್ಪಲಿಲ್ಲ.
ಒರೆಸಿ ಒತ್ತಿದ. ನಾನೇ ಹಿಡಿದು ಒತ್ತಿಸಿದೆ, ಒಂದೊಂದಾಗಿ.
ಮೂವತ್ತು ವರ್ಷದ ಇಟ್ಟಿಗೆ, ಸುಣ್ಣ
ಗೆರೆಗಳನ್ನೆಲ್ಲ ತಿಂದುಬಿಟ್ಟಿವೆ; ಪರದೆಯ ಮೇಲೆ
ಹತ್ತು ಬಿಳಿ ಮೊಟ್ಟೆ.
ಕೈ ತನ್ನ ಗುರುತನ್ನು ಎಂದೋ ಅಳಿಸಿಕೊಂಡಿದೆ,
ಕೌಂಟಿಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಕಡತದ ರಟ್ಟಿನ ಒಳಬದಿಗೆ ಒಂದು ಚೀಟಿ ಇರುತ್ತದೆ,
ಯಾರು ತೆಗೆಸಿ ನೋಡಿದರು, ಯಾವಾಗ.
ಅದನ್ನು ಅರ್ಜಿದಾರರಿಗೆ ತೋರಿಸುವ ರೂಢಿಯಿಲ್ಲ.
ಹದಿಮೂರು ಸಾಲು. ಶಾಲಾ ಮಂಡಳಿ, ಎರಡು ಸಲ. ಬ್ಯಾಂಕು.
ಒಂಬತ್ತನೆಯದು ನನ್ನ ಕೈಬರಹ.

ಅಮ್ಮನ ಮನೆಯ ಮುಂದಿನ ಮೆಟ್ಟಿಲು ಕುಸಿದ ವರ್ಷ.
ಕಡಿಮೆ ದರ ಹೇಳಿದವನು, ಟೋಪಿ ತೆಗೆದು ಮಾತಾಡಿದವನು
ಟಾರ್ವರ್ ಅಂತ ಒಬ್ಬ.
ಊಟದ ಬಿಡುವಿನಲ್ಲಿ ಡಬ್ಬ ಎಳೆದು ನೋಡಿದ್ದೆ.
ಪುಟ ಪೂರ್ತಿ ಓದಲಿಲ್ಲ. ಕೆಲಸ ಬೇರೆಯವನಿಗೆ ಹೋಯಿತು.
ಡಾಲರು ಕೂಡ ಕಟ್ಟಿರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು
"ನಿಮ್ಮಮ್ಮ ಚೆನ್ನಾಗಿದ್ದಾರಾ?" ಅಂದ.

ಏಳು ವಾರದ ಮೇಲೆ ಜಡ್ಜ್ ಎಸ್ಟಿಸ್
ನಾಲ್ಕೇ ನಿಮಿಷದಲ್ಲಿ ಸಹಿ ಹಾಕಿದರು.
ಹಳದಿ ಲಕೋಟೆ, ಕೆಂಪು ಟೇಪು, ನನ್ನ ಮೊಹರು.
ಚೀಟಿಯೂ ಒಳಗೇ ಹೋಯಿತು, ಒಂಬತ್ತನೆಯ ಸಾಲಿನ ಸಮೇತ.
ಅವನ ಜೊತೆಗೆ ನನ್ನನ್ನೂ ಮುಚ್ಚಿದರು, ಅವನ ಖರ್ಚಿನಲ್ಲಿ.

ಇನ್ನು ಯಾರು ಕೇಳಿದರೂ
ನಾನು ಆಡಬೇಕಾದ ಮಾತು ನಿಯಮದಲ್ಲೇ ಇದೆ:
"ಅಂಥ ಕಾಗದ ಇಲ್ಲ."
ಮುಚ್ಚಿದೆ ಅನ್ನುವಂತಿಲ್ಲ. ಇಲ್ಲ.
ಶುಕ್ರವಾರ ಯಾರೋ ಫೋನು ಮಾಡಿದರು. ಹೇಳಿದೆ.
ದನಿ ಸರಿಯಾಗಿಯೇ ಬಂತು.

ಭಾನುವಾರ ಅಮ್ಮನ ಮನೆ.
ಆ ಇನ್ನೊಬ್ಬ ಕಟ್ಟಿದ ಮೆಟ್ಟಿಲಲ್ಲಿ
ಮೂರನೆಯದು ಮೊದಲಿನಿಂದಲೂ ಅಲ್ಲಾಡುತ್ತದೆ.
ಅಮ್ಮ ಅದನ್ನು ದಾಟಿ ಇಳಿಯುವುದು ಕಲಿತಿದ್ದಾಳೆ.
ನಾನು ಪ್ರತಿ ಸಲವೂ ಮರೆತು ಕಾಲಿಡುತ್ತೇನೆ.